ಮೂರನೆಯ ದಿನದ ಊಟ

(ತುರ್ತು ದಾಸ್ತಾನಿನಿಂದ ಅಡುಗೆ ಮಾಡುವ ಬಗ್ಗೆ ನೀಡಿದ ಉಪನ್ಯಾಸದ ಬರಹ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಈ ಮೇಜಿನ ಮೇಲೆ ಹರಡಿರುವ ಸಾಮಾನನ್ನು ನೋಡಿ ಮುಂದಿನ ಸಾಲಿನವರು ಆಗಲೇ ಪಿಸುಗುಟ್ಟುತ್ತಿದ್ದಾರೆ. ಅಕ್ಕಿ, ಬೇಳೆ, ಎಣ್ಣೆ, ಉಪ್ಪು, ಸಕ್ಕರೆ. ಇದರಲ್ಲಿ ನೋಡುವಂಥದ್ದೇನೂ ಇಲ್ಲ, ಒಪ್ಪುತ್ತೇನೆ. ಆದರೆ ನೆರೆ, ಭೂಕಂಪ, ಬಿರುಗಾಳಿ ಅಥವಾ ಯುದ್ಧದಲ್ಲಿ ಮನೆ ಕಳೆದುಕೊಂಡವರಿಗೆ ಹಂಚುವ ಪಡಿತರ ಹೆಚ್ಚುಕಡಿಮೆ ಇಷ್ಟೇ. ವಿಶ್ವಸಂಸ್ಥೆಯ ಅಂಗವಾದ ವಿಶ್ವ ಆಹಾರ ಕಾರ್ಯಕ್ರಮ ಒಬ್ಬರಿಗೆ ದಿನಕ್ಕೆ 2,100 ಕಿಲೋ ಕ್ಯಾಲೊರಿ ಬೇಕೆಂದು ಹಿಡಿಯುತ್ತದೆ. ಸಾಮಾನ್ಯವಾಗಿ ಅದನ್ನು ಸುಮಾರು 400 ಗ್ರಾಂ ಧಾನ್ಯ, 60 ಗ್ರಾಂ ಬೇಳೆಕಾಳು, 25 ಗ್ರಾಂ ಎಣ್ಣೆ, 50 ಗ್ರಾಂ ಪೌಷ್ಟಿಕ ಹಿಟ್ಟು, 15 ಗ್ರಾಂ ಸಕ್ಕರೆ ಮತ್ತು 5 ಗ್ರಾಂ ಉಪ್ಪಿನಲ್ಲಿ ಹೊಂದಿಸುತ್ತಾರೆ. ಮನೆಯಲ್ಲಿ ಎರಡು ವಾರದ ದಾಸ್ತಾನು ಇಡಬೇಕೆಂದು ಹೊರಟವರು ಈ ಅಂಕಿಗಳನ್ನು ತಲೆಯ ಲೆಕ್ಕಕ್ಕೂ ದಿನದ ಲೆಕ್ಕಕ್ಕೂ ಗುಣಿಸಿ, ಚೀಲಗಳನ್ನು ತಂದು ಜೋಡಿಸಿ ಕೈ ತೊಳೆದುಕೊಳ್ಳುತ್ತಾರೆ. ನಾನೂ ಹಾಗೆಯೇ ಮಾಡಿದವನು.

ಎರಡು ವರ್ಷದ ಹಿಂದೆ ನಮ್ಮ ಮನೆಯಲ್ಲಿ ಒಂದು ಪ್ರಯೋಗ ನಡೆಸಿದೆ. ಏಳು ದಿನ ಫ್ರಿಜ್ ಮುಟ್ಟುವಂತಿಲ್ಲ, ಅಂಗಡಿಗೆ ಹೋಗುವಂತಿಲ್ಲ. ಒಂದೇ ಉರಿಯ ಸಣ್ಣ ಒಲೆ. ಕುಡಿಯಲು, ಅಡುಗೆಗೆ, ಪಾತ್ರೆಗೆ ಎಲ್ಲಾ ಸೇರಿ ತಲೆಗೆ ದಿನಕ್ಕೆ ನಾಲ್ಕು ಲೀಟರ್ ನೀರು. ಮನೆಯಲ್ಲಿ ನಾಲ್ವರು. ಮೊದಲ ದಿನ ಮಕ್ಕಳಿಗೆ ಇದೊಂದು ಆಟ. ಎರಡನೆಯ ದಿನ ಊಟದ ಹೊತ್ತಿನಲ್ಲಿ ಮಾತು ಕಡಿಮೆಯಾಯಿತು. ಮೂರನೆಯ ದಿನ ಮಧ್ಯಾಹ್ನ ಚಿಕ್ಕ ಮಗಳು ತಟ್ಟೆಯನ್ನು ಎರಡು ಬೆರಳಿನಿಂದ ಆಚೆಗೆ ಸರಿಸಿ "ನನಗೆ ಹಸಿವಿಲ್ಲ" ಎಂದಳು. ಬೆಳಗಿನಿಂದ ಓಡಾಡಿ ಬಂದ ಮಗು. ಹಸಿವಿಲ್ಲದೆ ಎಲ್ಲಿಗೆ ಹೋಗುತ್ತದೆ?

ಅವಳ ತಟ್ಟೆಯನ್ನು ನಾನು ಸರಿಯಾಗಿ ನೋಡಿದ್ದು ಆಗ. ಬೇಯಿಸಿದ ಅಕ್ಕಿ, ಬೇಯಿಸಿದ ಬೇಳೆ, ಡಬ್ಬಿಯಿಂದ ತೆಗೆದು ಮತ್ತೊಮ್ಮೆ ಬೇಯಿಸಿದ ಬಟಾಣಿ. ಒಂದು ಬಿಳಿ, ಒಂದು ಹಳದಿ, ಒಂದು ಪಾಚಿ ಬಣ್ಣ. ಹಲ್ಲಿಗೆ ಸಿಗುವಂಥದ್ದು ಒಂದೂ ಇಲ್ಲ. ಕಣ್ಣು ಮುಚ್ಚಿ ತಿಂದರೆ ಯಾವುದು ಯಾವುದೆಂದು ಹೇಳುವುದು ಕಷ್ಟ. ಕಪಾಟಿನಲ್ಲಿ ಇನ್ನೂ ಹತ್ತು ದಿನಕ್ಕಾಗುವಷ್ಟು ಆಹಾರವಿತ್ತು, ಮಗು ಮಾತ್ರ ಉಪವಾಸ ಕುಳಿತಿತ್ತು.

ಇದು ಹಟವಲ್ಲ. ಒಂದೇ ರುಚಿಯನ್ನು ಮತ್ತೆ ಮತ್ತೆ ಕೊಟ್ಟರೆ ಹೊಟ್ಟೆ ತುಂಬುವ ಮೊದಲೇ ನಾಲಿಗೆ ಸಾಕೆನ್ನುತ್ತದೆ. ಎಷ್ಟೇ ಉಂಡಿದ್ದರೂ ಸಿಹಿ ಬಂದಾಗ ಜಾಗ ಹುಟ್ಟಿಕೊಳ್ಳುವುದು ಇದೇ ಗುಣದಿಂದ. ಪೊಟ್ಟಣದ ಊಟದ ಮೇಲೆ ವಾರಗಟ್ಟಲೆ ಇರುವ ಸೈನಿಕರು ಅರ್ಧ ತಿಂದು ಅರ್ಧ ಬಿಸಾಡಿ ತೂಕ ಕಳೆದುಕೊಳ್ಳುತ್ತಾರೆ ಎಂಬುದು ಸೇನೆಗಳ ಹಳೆಯ ತಲೆನೋವು. ತಿನ್ನದೆ ಉಳಿದ ಅನ್ನದಲ್ಲಿ ಎಷ್ಟು ಕ್ಯಾಲೊರಿ ಇದ್ದರೇನು?

ಹಾಗಾದರೆ ದಾಸ್ತಾನಿನ ಊಟ ಇಷ್ಟು ಸಪ್ಪೆಯಾಗುವುದೇಕೆ? ಸಾಮಾನಿನಲ್ಲಿ ದೋಷವಿಲ್ಲ. ನಾವು ಎಲ್ಲವನ್ನೂ ನೀರಿನಲ್ಲಿ ಬೇಯಿಸುತ್ತೇವೆ, ದೋಷ ಅಲ್ಲಿದೆ. ಒಣ ಪದಾರ್ಥ ಕಂಡರೆ ಕೈ ತಾನಾಗಿ ನೀರಿನ ಕಡೆ ಹೋಗುತ್ತದೆ. ನೀರು ಎಷ್ಟೇ ಕುದಿದರೂ ತೆರೆದ ಪಾತ್ರೆಯಲ್ಲಿ 100 ಡಿಗ್ರಿ ದಾಟುವುದಿಲ್ಲ. ರೊಟ್ಟಿಯ ಮೇಲಿನ ಕಂದು ಚುಕ್ಕೆ, ಹುರಿದ ಕಾಫಿ ಬೀಜದ ಘಮ, ಕೆಂಪಗೆ ಬಾಡಿಸಿದ ಈರುಳ್ಳಿ ಇವೆಲ್ಲ ಬೇಗ ಹುಟ್ಟುವುದು ಸುಮಾರು 140 ಡಿಗ್ರಿಯ ಮೇಲೆ. ಸಕ್ಕರೆಯ ಅಂಶವೂ ಪ್ರೋಟೀನಿನ ಅಂಶವೂ ಬಿಸಿಯಲ್ಲಿ ಕೂಡಿ ನೂರಾರು ಹೊಸ ಪರಿಮಳಗಳನ್ನು ಹುಟ್ಟಿಸುವ ಈ ಕ್ರಿಯೆಯನ್ನು 1912ರಲ್ಲಿ ವಿವರಿಸಿದವನು ಫ್ರಾನ್ಸಿನ ಲೂಯಿ ಕಮೀಲ್ ಮಯಾರ್. ಅವನ ಹೆಸರು ನೆನಪಿಡಬೇಕಾಗಿಲ್ಲ. ನೀರು ಹಾಕುವ ಮೊದಲು ಬಾಣಲೆ ಇಡಬೇಕು ಎಂಬುದನ್ನು ನೆನಪಿಡಿ, ಸಾಕು.

ಮೂರನೆಯ ದಿನ ಸಂಜೆ ನಾನು ಮಾಡಿದ್ದನ್ನು ಹೇಳುತ್ತೇನೆ. ಅದೇ ಅಕ್ಕಿ. ಬಾಣಲೆಗೆ ಎರಡು ಚಮಚ ಎಣ್ಣೆ ಹಾಕಿ, ತೊಳೆಯದ ಒಣ ಅಕ್ಕಿಯನ್ನು ಸುರಿದೆ. ಮಧ್ಯಮ ಉರಿ. ಮೊದಲ ಎರಡು ನಿಮಿಷ ಏನೂ ಆಗುವುದಿಲ್ಲ, ಸೌಟಿನಡಿ ಮರಳು ಕದಲಿದಂಥ ಸದ್ದು ಅಷ್ಟೇ. ಆಮೇಲೆ ಕಾಳುಗಳು ಒಂದೊಂದಾಗಿ ಹಾಲಿನಂತೆ ಬೆಳ್ಳಗಾಗುತ್ತವೆ. ಅಲ್ಲಿಗೆ ನಿಲ್ಲಿಸಬಾರದು. ಇನ್ನೆರಡು ಮೂರು ನಿಮಿಷಕ್ಕೆ ಅಂಚುಗಳು ಹೊಂಬಣ್ಣಕ್ಕೆ ತಿರುಗಿ, ಕಡಲೆಕಾಯಿ ಹುರಿದಂಥ ವಾಸನೆ ಏಳುತ್ತದೆ. ಪಕ್ಕದ ಕೋಣೆಯಲ್ಲಿದ್ದವರು ತಲೆ ಹಾಕಿ ನೋಡುವುದು ಈ ಹೊತ್ತಿಗೇ. ಆಗ ಕುದಿಯುವ ನೀರು ಸುರಿದು, ಉಪ್ಪು ಹಾಕಿ, ಮುಚ್ಚಿ. ತಣ್ಣೀರು ಹಾಕಿದರೂ ಬೇಯುತ್ತದೆ, ಆದರೆ ಬಾಣಲೆ ಆರಿ ಮತ್ತೆ ಕಾಯಬೇಕು, ಉರಿ ದಂಡ. ಹೀಗೆ ಮಾಡಿದ ಅನ್ನ ಉದುರು ಉದುರಾಗಿರುತ್ತದೆ, ಅದಕ್ಕೆ ತನ್ನದೇ ರುಚಿಯಿರುತ್ತದೆ.

ಬೇಳೆಗೂ ಇದೇ ಮಾತು: ಒಣ ಬಾಣಲೆಯಲ್ಲಿ ಕೆಂಪಗೆ ಹುರಿದು ಆಮೇಲೆ ಬೇಯಿಸಿ. ಗೋಧಿ ಹಿಟ್ಟನ್ನು ಹುರಿದು ಗಂಜಿ ಮಾಡಿದರೆ ಅದು ಅಂಟಿನಂತಿರುವುದಿಲ್ಲ. ಟೊಮೆಟೊ ಪೇಸ್ಟನ್ನು ನೇರವಾಗಿ ನೀರಿಗೆ ಕದಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅದನ್ನು ಎಣ್ಣೆಯಲ್ಲಿ ಹರಡಿ, ಹಸಿ ಕೆಂಪು ಹೋಗಿ ಇಟ್ಟಿಗೆ ಬಣ್ಣ ಬಂದು, ಬದಿಯಲ್ಲಿ ಎಣ್ಣೆ ಬಿಡುವವರೆಗೆ ಹುರಿಯಿರಿ. ಡಬ್ಬಿಯ ಹುಳಿವಾಸನೆ ಹೋಗಿ ಅಡುಗೆಯ ವಾಸನೆ ಬರುತ್ತದೆ.

ಎರಡನೆಯ ಸಂಗತಿ ಒಂದು ಸಣ್ಣ ಪೆಟ್ಟಿಗೆಯದು. ಅಕ್ಕಿ ಬೇಳೆಯ ಚೀಲದ ಪಕ್ಕದಲ್ಲಿ ಒಂದು ಕಿಲೋ ತೂಗದ ಒಂದು ಪೆಟ್ಟಿಗೆ ಇರಬೇಕು. ಅದರಲ್ಲಿ ಒಣಗಿಸಿದ ಈರುಳ್ಳಿ ಮತ್ತು ಬೆಳ್ಳುಳ್ಳಿ, ಒಣಮೆಣಸಿನಕಾಯಿ, ನಿಮಗೆ ಪ್ರಿಯವಾದ ಎರಡು ಮೂರು ಮಸಾಲೆ ಪದಾರ್ಥಗಳು, ಟೊಮೆಟೊ ಪೇಸ್ಟ್, ಸೋಯಾ ಸಾಸ್ ಅಥವಾ ಒಣ ಅಣಬೆ, ಒಂದು ಸೀಸೆ ವಿನೆಗರ್, ಅಡುಗೆ ಸೋಡಾ. ಮಸಾಲೆಗಳನ್ನು ಇಡಿಯಾಗಿಯೇ ಇಡಿ. ಪುಡಿ ಮಾಡಿದ್ದು ವರ್ಷದೊಳಗೆ ಬಣ್ಣದ ಧೂಳಾಗುತ್ತದೆ. ಇಡಿಯಾಗಿದ್ದರೆ ಎರಡು ಮೂರು ವರ್ಷ ಘಮ ಹಿಡಿದುಕೊಂಡಿರುತ್ತದೆ. ಸೋಯಾ ಸಾಸ್, ಟೊಮೆಟೊ, ಒಣ ಅಣಬೆ ಇವೆಲ್ಲ ಏಕೆಂದರೆ, ಸಿಹಿ ಹುಳಿ ಉಪ್ಪು ಕಹಿಗಳ ಆಚೆ ಇರುವ ಇನ್ನೊಂದು ತುಂಬು ರುಚಿ ಅವುಗಳಲ್ಲಿದೆ. ಜಪಾನಿನ ಕಿಕುನಾಯೆ ಇಕೆಡಾ 1908ರಲ್ಲಿ ಕಡಲಪಾಚಿಯಿಂದ ಅದರ ಮೂಲವಾದ ಗ್ಲುಟಮೇಟನ್ನು ಬೇರ್ಪಡಿಸಿ ಉಮಾಮಿ ಎಂದು ಕರೆದ. ಮಾಂಸವಿಲ್ಲ, ತಾಜಾ ತರಕಾರಿಯಿಲ್ಲ ಎಂಬ ಕೊರತೆಯನ್ನು ಬಹುಮಟ್ಟಿಗೆ ಮರೆಸುವುದು ಈ ರುಚಿಯೇ.

ಮಸಾಲೆಯನ್ನು ಕುದಿಯುವ ಪಾತ್ರೆಗೆ ಉದುರಿಸಿದರೆ ಅರ್ಧ ಹಾಳು. ಅವುಗಳ ಪರಿಮಳ ಹೆಚ್ಚಾಗಿ ಕರಗುವುದು ಎಣ್ಣೆಯಲ್ಲಿ, ನೀರಿನಲ್ಲಿ ಅಲ್ಲ. ಒಗ್ಗರಣೆ ಹಾಕುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ದಿನಕ್ಕೆ 25 ಗ್ರಾಂ ಎಣ್ಣೆ ಸಿಗುವಾಗ ಅದನ್ನು ಬೇಯುವ ಬೇಳೆಗೆ ಸುರಿಯುವ ಬದಲು ಒಗ್ಗರಣೆಗೆ ಮೀಸಲಿಡಿ. ಅದೇ ಎಣ್ಣೆ ಎರಡು ಕೆಲಸ ಮಾಡುತ್ತದೆ.

ಇನ್ನು ಹುಳಿ. ಡಬ್ಬಿ ಆಹಾರಕ್ಕೂ ಹಳೆಯ ಕಾಳಿಗೂ ಬಡಿದಿರುವ ಮಂಕನ್ನು ಅರ್ಧ ಚಮಚ ವಿನೆಗರ್ ಎಬ್ಬಿಸುತ್ತದೆ. ಆದರೆ ಕೊನೆಯಲ್ಲಿ, ಒಲೆಯಿಂದ ಇಳಿಸುವ ಹೊತ್ತಿಗೆ. ಮೊದಲೇ ಹಾಕಿದರೆ ಏನಾಗುತ್ತದೆ ಎಂಬುದನ್ನು ನಾನು ನಾಲ್ಕನೆಯ ದಿನ ಕಲಿತೆ.

ಆ ದಿನ ಕಪಾಟಿನ ತಳದಿಂದ ಒಂದು ಚೀಲ ಕಡಲೆ ತೆಗೆದೆ. ಕೊಂಡು ಐದು ವರ್ಷವಾಗಿತ್ತು. ಒಣ ಕಾಳು ಕೆಡುವುದಿಲ್ಲ ಎಂಬ ಧೈರ್ಯ. ರಾತ್ರಿ ನೆನೆಸಿ, ಬೆಳಿಗ್ಗೆ ಟೊಮೆಟೊ ಸಮೇತ ಒಲೆಗಿಟ್ಟೆ. ಒಂದು ಗಂಟೆ, ಎರಡು ಗಂಟೆ, ಮೂರು ಗಂಟೆ. ಕಡಲೆ ಗೋಲಿಯಂತೆಯೇ ಇತ್ತು. ಅನಿಲದ ಡಬ್ಬಿ ಖಾಲಿಯಾಯಿತು. ನನ್ನ ಹೆಂಡತಿ ಏನೂ ಹೇಳಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು.

ನಾನು ಮಾಡಿದ ತಪ್ಪುಗಳು ಎರಡು. ಕಾಳು ಕೆಡುವುದಿಲ್ಲ ಎಂಬುದು ನಿಜ, ಆದರೆ ಬಿಸಿ ಮತ್ತು ತೇವವಿರುವ ಕಡೆ ವರ್ಷಗಟ್ಟಲೆ ಇದ್ದರೆ ಅದು ಬೇಯುವ ಗುಣ ಕಳೆದುಕೊಳ್ಳುತ್ತದೆ. ಕಾಳಿನ ಕೋಶಗಳನ್ನು ಹಿಡಿದಿಟ್ಟಿರುವ ಪೆಕ್ಟಿನ್ ಎಂಬ ಅಂಟು, ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಜೊತೆ ಸೇರಿ ಗಟ್ಟಿಯಾಗಿಬಿಡುತ್ತದೆ. ಗಡಸು ನೀರಿನಲ್ಲಿ ಬೇಯಿಸಿದರೂ ಇದೇ ಪಾಡು. ಅದರ ಮೇಲೆ ಹುಳಿ ಬಿದ್ದರೆ ಆ ಅಂಟು ಕರಗುವುದೇ ಇಲ್ಲ. ನಾನು ಹಾಕಿದ್ದ ಟೊಮೆಟೊ ಆ ಕೆಲಸ ಮಾಡಿತ್ತು.

ಪರಿಹಾರ ಉಪ್ಪು ಮತ್ತು ಸೋಡಾ. ನೆನೆಸುವ ನೀರಿಗೆ ಲೀಟರಿಗೆ ಒಂದು ದೊಡ್ಡ ಚಮಚ ಉಪ್ಪು ಹಾಕಿ. ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲ ಎಂಬ ನಂಬಿಕೆ ಎಲ್ಲ ಅಡುಗೆಮನೆಗಳಲ್ಲೂ ಇದೆ. ಅದು ತಪ್ಪು. ಉಪ್ಪಿನ ಸೋಡಿಯಂ ಕ್ಯಾಲ್ಸಿಯಂ ಅನ್ನು ಹೊರದೂಡಿ ಸಿಪ್ಪೆಯನ್ನು ಮೆದುಗೊಳಿಸುತ್ತದೆ. ತೀರಾ ಹಳೆಯ ಕಾಳಾದರೆ ಕಾಲು ಚಮಚ ಸೋಡಾ ಸೇರಿಸಿ, ಕೈ ಬಿಗಿಹಿಡಿದು. ಹೆಚ್ಚಾದರೆ ಸಾಬೂನಿನ ರುಚಿ ಬರುತ್ತದೆ, ಕಾಳಿನಲ್ಲಿರುವ ಬಿ1 ಜೀವಸತ್ವವೂ ನಾಶವಾಗುತ್ತದೆ. ಇದಕ್ಕೂ ಬಗ್ಗದ ಕಾಳನ್ನು ಹುರಿದು ಬೀಸಿ ಹಿಟ್ಟು ಮಾಡಿಟ್ಟುಕೊಳ್ಳಿ. ಹಿಟ್ಟು ಇಪ್ಪತ್ತು ನಿಮಿಷದಲ್ಲಿ ಬೇಯುತ್ತದೆ. ನನ್ನ ಆ ಐದು ವರ್ಷದ ಕಡಲೆಗೆ ಕೊನೆಗೆ ಅದೇ ಗತಿಯಾಯಿತು, ಕೆಟ್ಟದ್ದೇನೂ ಆಗಿರಲಿಲ್ಲ.

ಕೆಂಪು ರಾಜ್ಮಾ ಕಾಳಿನ ಬಗ್ಗೆ ಮಾತ್ರ ಗಂಭೀರವಾಗಿ ಹೇಳುತ್ತೇನೆ. ಅದರ ಹಸಿ ಕಾಳಿನಲ್ಲಿ ಲೆಕ್ಟಿನ್ ಎಂಬ ವಿಷಾಂಶವಿದೆ. ನಾಲ್ಕೈದು ಕಾಳು ಅರೆಬೆಂದಿದ್ದರೂ ಕೆಲವೇ ಗಂಟೆಗಳಲ್ಲಿ ವಾಂತಿ ಭೇದಿ ಶುರುವಾಗಬಹುದು. ಐದು ಗಂಟೆಗೆ ಕಡಿಮೆಯಿಲ್ಲದಂತೆ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಮೂವತ್ತು ನಿಮಿಷ ಬಿಡದೆ ಕುದಿಸಬೇಕು. ನೀರಿಗೆ ಬರವಿದ್ದರೂ ಇಲ್ಲಿ ಉಳಿಸಬೇಡಿ. ಕುದಿಯ ಹಂತಕ್ಕೆ ಬಾರದ ಸಣ್ಣ ಶಾಖದಲ್ಲಿ ಬಹಳ ಹೊತ್ತು ಇಟ್ಟರೆ ವಿಷ ಕಡಿಮೆಯಾಗುವ ಬದಲು ಹೆಚ್ಚಬಹುದು. ಡಬ್ಬಿಯಲ್ಲಿ ಬರುವ ರಾಜ್ಮಾ ಆಗಲೇ ಬೆಂದಿರುತ್ತದೆ, ಅದಕ್ಕೆ ಈ ಭಯವಿಲ್ಲ.

ಡಬ್ಬಿಯ ಮಾತು ಬಂತು. ಗಾಜಿನ ಸೀಸೆಯಲ್ಲಿ ಆಹಾರ ತುಂಬಿ, ಬಾಯಿ ಬಿಗಿದು, ಕುದಿಸಿ ಕೆಡದಂತೆ ಇಡುವ ವಿಧಾನ ಕಂಡುಹಿಡಿದವನು ನಿಕೋಲಾ ಅಪ್ಪೇರ್. ಫ್ರೆಂಚ್ ಸರ್ಕಾರ 1810ರಲ್ಲಿ ಅವನಿಗೆ 12,000 ಫ್ರಾಂಕ್ ಕೊಟ್ಟಿತು. ಅದೇ ವರ್ಷ ಇಂಗ್ಲೆಂಡಿನಲ್ಲಿ ಪೀಟರ್ ಡ್ಯುರಾಂಡ್ ತವರದ ಡಬ್ಬಿಗೆ ಪೇಟೆಂಟ್ ಪಡೆದ. ತಮಾಷೆಯೆಂದರೆ ಡಬ್ಬಿ ತೆರೆಯುವ ಉಪಕರಣಕ್ಕೆ ಪೇಟೆಂಟ್ ಬಂದದ್ದು 1850ರ ದಶಕದಲ್ಲಿ. ನಡುವಿನ ನಾಲ್ಕು ದಶಕ ಜನ ಉಳಿ ಸುತ್ತಿಗೆ ಹಿಡಿದು ಊಟಕ್ಕೆ ಕುಳಿತರು. ನಗಬೇಡಿ, ನಾನೂ ಎರಡನೆಯ ದಿನ ಸ್ಕ್ರೂಡ್ರೈವರ್ ಹಿಡಿದವನೇ. ಮನೆಯಲ್ಲಿದ್ದದ್ದು ವಿದ್ಯುತ್ ಓಪನರ್. ಬಟಾಣಿಯ ಡಬ್ಬಿಗೂ ನನ್ನ ಹೆಬ್ಬೆರಳಿಗೂ ಏಕಕಾಲಕ್ಕೆ ತೂತು ಬಿತ್ತು.

ಡಬ್ಬಿಯ ತರಕಾರಿಯನ್ನು ಕಾರ್ಖಾನೆಯಲ್ಲಿ ಸುಮಾರು 120 ಡಿಗ್ರಿ ಶಾಖದಲ್ಲಿ ಬೇಯಿಸಿರುತ್ತಾರೆ. ಬಟಾಣಿ ಪಾಚಿ ಬಣ್ಣಕ್ಕೆ ತಿರುಗಿರುವುದು ಅದರಿಂದಲೇ. ಅದನ್ನು ಮತ್ತೆ ಬೇಯಿಸುವುದು ಅನ್ಯಾಯ. ನೀರು ಬಸಿದು, ಬಟ್ಟೆಯಲ್ಲಿ ಒತ್ತಿ ಒಣಗಿಸಿ, ಚೆನ್ನಾಗಿ ಕಾದ ಬಾಣಲೆಯಲ್ಲಿ ಕದಲಿಸದೆ ಎರಡು ನಿಮಿಷ ಬಿಡಿ. ತಳ ಕಂದಾಗಲಿ, ಆಮೇಲೆ ತಿರುವಿ. ಬಸಿದ ನೀರನ್ನು ಚೆಲ್ಲಬೇಡಿ, ಅದು ಉಪ್ಪು ಬೆರೆತ ತರಕಾರಿ ರಸ. ಅನ್ನ ಬೇಯಿಸಲು ಅದೇ ಆಗುತ್ತದೆ, ಬೇರೆ ಉಪ್ಪು ಹಾಕದಿದ್ದರಾಯಿತು. ಉಬ್ಬಿದ, ಸೋರುವ, ತೆರೆದಾಗ ಚಿಮ್ಮುವ ಡಬ್ಬಿಯನ್ನು ಮಾತ್ರ ರುಚಿ ಕೂಡ ನೋಡದೆ ಎಸೆಯಿರಿ. ಕೆಟ್ಟ ಡಬ್ಬಿಯಲ್ಲಿ ಬ್ಯಾಕ್ಟೀರಿಯಾ ಹುಟ್ಟಿಸುವ, ಜೀವ ತೆಗೆಯಬಲ್ಲ ಬಾಟ್ಯುಲಿಸಂ ವಿಷಕ್ಕೆ ವಾಸನೆಯಾಗಲಿ ರುಚಿಯಾಗಲಿ ಇರಬೇಕೆಂದಿಲ್ಲ.

ಉರುವಲು ಉಳಿಸುವ ಒಂದು ಹಳೆಯ ಉಪಾಯವಿದೆ. ಯುದ್ಧಕಾಲದ ಮನೆಗಳಲ್ಲಿ ಹುಲ್ಲು ತುಂಬಿದ ಪೆಟ್ಟಿಗೆಯೊಳಗೆ ಕುದಿಯುವ ಪಾತ್ರೆಯನ್ನು ಹೂತಿಡುತ್ತಿದ್ದರು. ನಿಮ್ಮಲ್ಲಿ ಹುಲ್ಲಿಲ್ಲದಿದ್ದರೆ ಕಂಬಳಿ ಇದೆ. ಅಕ್ಕಿಯನ್ನು ಐದು ನಿಮಿಷ ಕುದಿಸಿ, ಬಿಗಿಯಾಗಿ ಮುಚ್ಚಿ, ಕಂಬಳಿಯಲ್ಲಿ ಸುತ್ತಿ ಒಂದು ಗಂಟೆ ಬಿಡಿ. ಒಲೆ ಆರಿದ ಮೇಲೂ ಅನ್ನ ಬೇಯುತ್ತಿರುತ್ತದೆ. ಬೇಳೆಯನ್ನು ಹತ್ತು ನಿಮಿಷ ಕುದಿಸಿ ಸುತ್ತಿದರೆ ಎರಡು ಗಂಟೆಯಲ್ಲಿ ಮೆತ್ತಗಾಗುತ್ತದೆ, ಬಡಿಸುವ ಮುನ್ನ ಮತ್ತೊಮ್ಮೆ ಕುದಿ ಬರಿಸಿ. ಪಾಸ್ತಾವನ್ನು ತಣ್ಣೀರಿನಲ್ಲಿ ಒಂದೂವರೆ ಗಂಟೆ ನೆನೆಸಿಟ್ಟರೆ ಒಂದೆರಡು ನಿಮಿಷದ ಉರಿ ಸಾಕು. ಇದ್ದಿಲು ಒಲೆಯನ್ನು ಮನೆಯೊಳಗೆ ಹಚ್ಚಲೇಬಾರದು, ಅದರಿಂದೇಳುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಕಣ್ಣಿಗೂ ಮೂಗಿಗೂ ಸಿಗುವುದಿಲ್ಲ. ಫ್ರಿಜ್ ಇಲ್ಲದಾಗ ಅನ್ನವನ್ನು ರಾತ್ರಿಗೆ ಉಳಿಸಬೇಡಿ. ಬೇಯಿಸಿದರೂ ಸಾಯದ ಬ್ಯಾಕ್ಟೀರಿಯಾ ಬೀಜಾಣುಗಳು ಅಕ್ಕಿಯಲ್ಲಿರುತ್ತವೆ, ಬೆಚ್ಚಗೆ ಬಿಟ್ಟ ಅನ್ನದಲ್ಲಿ ಅವು ಬೆಳೆಯುತ್ತವೆ. ಆಯಾ ಹೊತ್ತಿಗೆ ಬೇಕಾದಷ್ಟೇ ಮಾಡಿ.

ಐದನೆಯ ದಿನದ ಹೊತ್ತಿಗೆ ನಮಗೆಲ್ಲ ಕಾಡಿದ್ದು ಹಸಿರು. ಹಲ್ಲಿಗೆ ಕರುಂ ಎನ್ನುವುದೇನಾದರೂ ಬೇಕಾಗಿತ್ತು. ಅದೃಷ್ಟಕ್ಕೆ ಮೊದಲ ದಿನವೇ ಹಿರಿಯ ಮಗಳು ಎರಡು ಹಿಡಿ ಹೆಸರುಕಾಳನ್ನು ನೆನೆಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿದ್ದಳು, ಶಾಲೆಯ ಯಾವುದೋ ಪಾಠದ ನೆನಪಿನಿಂದ. ಐದನೆಯ ದಿನ ಬಟ್ಟೆ ಬಿಚ್ಚಿದರೆ ಬೆರಳುದ್ದದ ಬಿಳಿ ಮೊಳಕೆ. ಒಣ ಕಾಳಿನಲ್ಲಿ ಸಿ ಜೀವಸತ್ವ ಇಲ್ಲವೆನ್ನುವಷ್ಟು ಕಡಿಮೆ, ಮೊಳೆತಾಗ ಅದು ಹುಟ್ಟಿಕೊಳ್ಳುತ್ತದೆ. ತಿಂಗಳುಗಟ್ಟಲೆ ಒಣ ರೊಟ್ಟಿ, ಉಪ್ಪು ಹಚ್ಚಿದ ಮಾಂಸದ ಮೇಲೆ ಬದುಕಿದ ನಾವಿಕರ ವಸಡು ಕೊಳೆಯುತ್ತಿದ್ದದ್ದು ಈ ಒಂದು ಕೊರತೆಯಿಂದ. ಕಾದ ಎಣ್ಣೆಯಲ್ಲಿ ಅರ್ಧ ನಿಮಿಷ ಆಡಿಸಿ, ಉಪ್ಪು ಮತ್ತು ನಾಲ್ಕು ಹನಿ ವಿನೆಗರ್ ಹಾಕಿದೆವು. ಆ ವಾರದಲ್ಲಿ ಜಗಳವಾಡಿ ಹಂಚಿಕೊಂಡ ತಟ್ಟೆ ಅದೊಂದೇ.

ದಾಸ್ತಾನನ್ನು ಹೇಗೆ ಇಡಬೇಕೆಂಬುದು ಇನ್ನೊಂದು ಉಪನ್ಯಾಸದ ವಸ್ತು. ಒಂದೇ ಮಾತು: ಪಾಲಿಶ್ ಮಾಡಿದ ಬಿಳಿ ಅಕ್ಕಿಯನ್ನು ಗಾಳಿಯಾಡದಂತೆ, ತಂಪಾಗಿಟ್ಟರೆ ವರ್ಷಗಳು ಕಳೆದರೂ ಹಾಳಾಗದು. ತವುಡಿರುವ ಕಂದು ಅಕ್ಕಿ ಆರೋಗ್ಯಕ್ಕೆ ಒಳ್ಳೆಯದೆಂದು ಮೂಟೆಗಟ್ಟಲೆ ತಂದಿಟ್ಟರೆ, ತವುಡಿನ ಎಣ್ಣೆ ಕೆಲವೇ ತಿಂಗಳಲ್ಲಿ ಕಮಟು ವಾಸನೆ ಹೊಡೆಯುತ್ತದೆ. ವಾರಕ್ಕೊಂದು ಊಟ ಈ ಕಪಾಟಿನಿಂದಲೇ ಮಾಡಿ, ಖಾಲಿಯಾದದ್ದನ್ನು ತಂದು ಹಿಂದಿನ ಸಾಲಿಗೆ ತಳ್ಳಿ. ಐದು ವರ್ಷದ ಕಡಲೆ ಆಗ ನಿಮ್ಮ ಮನೆಯಲ್ಲಿ ಇರುವುದಿಲ್ಲ.

ಉಪನ್ಯಾಸದ ನಂತರ ಒಬ್ಬ ಯುವಕ ಕೇಳಿದರು: "ಬಿಸಿನೀರು ಹಾಕಿದರೆ ಸಿದ್ಧವಾಗುವ ಪೊಟ್ಟಣಗಳು ಈಗ ಸಿಗುತ್ತವಲ್ಲ, ಇಷ್ಟೆಲ್ಲ ಏಕೆ?" ಸಿಗುತ್ತವೆ, ಮೊದಲ ಒಂದೆರಡು ದಿನಕ್ಕೆ ಅವು ಬಹಳ ಉಪಯುಕ್ತ. ಆಗ ಕೈಕಾಲು ನಡುಗುತ್ತಿರುತ್ತವೆ, ಅಡುಗೆಗೆ ಮನಸ್ಸಿರುವುದಿಲ್ಲ. ಬಹಳಷ್ಟರಲ್ಲಿ ಉಪ್ಪು ಹೆಚ್ಚು, ಉಪ್ಪು ಹೆಚ್ಚಾದರೆ ಕುಡಿಯುವ ನೀರೂ ಹೆಚ್ಚು ಬೇಕು. ಇಪ್ಪತ್ತು ಕೊಳ್ಳುವ ಮೊದಲು ಒಂದನ್ನು ಕೊಂಡು, ಯಾವ ಆಪತ್ತೂ ಇಲ್ಲದ ಒಂದು ಮಂಗಳವಾರ ತಿಂದು ನೋಡಿ. ನಾನು ನೋಡದೆ ಕೊಂಡಿದ್ದೆ. ಹದಿನೆಂಟು ಇನ್ನೂ ಇವೆ, ಬೇಕಾದರೆ ತೆಗೆದುಕೊಂಡು ಹೋಗಿ.

ಹಿಂದಿನ ಸಾಲಿನಿಂದ ಒಬ್ಬ ಹಿರಿಯ ಮಹಿಳೆ ಕೇಳಿದ್ದು ಒಂದೇ ಮಾತು: "ಸಿಹಿ ಏನು ಮಾಡಿದಿರಿ?" ಆರನೆಯ ದಿನ ಮಾಡಿದೆವು, ಅಮ್ಮ. ಹಾಲಿನ ಪುಡಿಗೆ ಮೊದಲು ಸ್ವಲ್ಪವೇ ನೀರು ಹಾಕಿ ಗಂಟಿಲ್ಲದಂತೆ ಕಲಸಿ, ಆಮೇಲೆ ತೆಳುವಾಗಿಸಿಕೊಂಡೆ. ಸಕ್ಕರೆಯನ್ನು ನೀರು ಹಾಕದೆ ಬಾಣಲೆಯಲ್ಲಿ ಕರಗಿಸಿದೆ. ಅದು ಮೊದಲು ಅಂಚಿನಲ್ಲಿ ಒದ್ದೆಯಾಗಿ, ಆಮೇಲೆ ಜೇನಿನ ಬಣ್ಣಕ್ಕೆ ಬಂದು, ಇನ್ನೇನು ಸೀದುಹೋಗುತ್ತದೆ ಎನ್ನುವಾಗ ಬಿಸಿ ಹಾಲನ್ನು ದೂರ ನಿಂತು ಸುರಿದೆ. ಭುಸುಗುಟ್ಟಿ ಉಕ್ಕುತ್ತದೆ, ಮುಖ ಹತ್ತಿರ ಒಯ್ಯಬಾರದು. ಅದರಲ್ಲಿ ಎರಡು ಹಿಡಿ ಬೆಂದ ಅನ್ನ, ಒಂದು ಚಿಟಿಕೆ ಉಪ್ಪು ಹಾಕಿ ಕುದಿಸಿದೆ. ಚಿಕ್ಕವಳು ಬಾಣಲೆಯನ್ನೇ ಮಡಿಲಲ್ಲಿಟ್ಟುಕೊಂಡಳು. ಅಂಚಿಗೆ ಅಂಟಿ ಕಲ್ಲಾಗಿದ್ದ ಸಕ್ಕರೆ ಅವಳ ಚಮಚಕ್ಕೂ ಬಗ್ಗಲಿಲ್ಲ. ತೊಳೆಯಲು ಹೋದರೆ ಆ ದಿನದ ನೀರಿನಲ್ಲಿ ಒಂದು ಲೀಟರ್ ಹೋಗುತ್ತಿತ್ತು. ಹಾಗಾಗಿ ಬಾಣಲೆಯನ್ನು ಮುಚ್ಚಿಟ್ಟು, ಮರುದಿನ ಬೆಳಿಗ್ಗೆ ಅದರಲ್ಲೇ ನೀರು ಕಾಯಿಸಿ ಚಹಾ ಮಾಡಿದೆವು.